ಕಲ್ಲಿನಿಂದ ಮನೆಯ ಗೋಡೆಗೆ

ಮನೆಯ ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಚಿತ್ರವಿಲ್ಲದ ಕಥೋಲಿಕ ಕುಟುಂಬ ನಮ್ಮಲ್ಲಿ ವಿರಳ. ಒಂದು ಕಾಲಕ್ಕೆ ವರ್ಣಚಿತ್ರವೆಂಬುದು ಅರಮನೆಗಳ ಸೊತ್ತಾಗಿತ್ತು. ಅದನ್ನು ಬಡವರ ಮನೆಗೂ ತಲುಪಿಸಿದ್ದು ಕಲ್ಲಚ್ಚು.

ನಂದಿಬೆಟ್ಟದ ತಪ್ಪಲಿನಲ್ಲಿರುವ ನಮಗೆ ಕಲ್ಲು ಹೊಸದಲ್ಲ. ಆದರೆ ಇಲ್ಲಿಯ ಗಟ್ಟಿ ಕಲ್ಲು ಈ ಕೆಲಸಕ್ಕೆ ಒದಗದು. ನೀರು ಹೀರಬಲ್ಲ ನುಣುಪಾದ ಸುಣ್ಣಕಲ್ಲೇ ಬೇಕು. ತಂದೆಯನ್ನು ಕಳೆದುಕೊಂಡು, ತನ್ನ ನಾಟಕಗಳನ್ನು ಅಚ್ಚು ಹಾಕಿಸಲು ಹಣವಿಲ್ಲದೆ ಪರದಾಡುತ್ತಿದ್ದ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಇದನ್ನು ಕಂಡುಹಿಡಿದನು. ಜಿಡ್ಡಿನ ಮಸಿಯಿಂದ ಬರೆದ ಕಲ್ಲನ್ನು ನೀರಿನಿಂದ ತೋಯಿಸಿದರೆ, ಬರೆದ ಗೆರೆ ಮಾತ್ರ ಶಾಯಿ ಹಿಡಿಯುತ್ತದೆ. ಎಣ್ಣೆಗೂ ನೀರಿಗೂ ಇರುವ ವೈರವೇ ಇದರ ಗುಟ್ಟು. ಬಣ್ಣದ ಚಿತ್ರಕ್ಕಾದರೋ ಬಣ್ಣಕ್ಕೊಂದು ಕಲ್ಲು ಬೇಕು. ಕೂದಲೆಳೆಯಷ್ಟು ಜರುಗಿದರೂ ಚಿತ್ರ ಕೆಟ್ಟಿತು.

ಕನ್ನಡದ ಮೊದಲ ಪತ್ರಿಕೆಯೂ ಕಲ್ಲಚ್ಚಿನ ಕೂಸೇ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಹೀಗೆಯೇ.

ವರ್ಣಮುದ್ರಣದ ಸಾಹಸಕ್ಕೆ ಕೈಹಾಕಿದವರು ಇಬ್ಬರು ಸಹೋದರರು. ಚಿತ್ರಕಾರ ರಾಜಾ ರವಿವರ್ಮ ತಮ್ಮನಾದ ರಾಜರಾಜವರ್ಮರೊಡನೆ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದರು. ಜರ್ಮನಿಯಿಂದ ಯಂತ್ರಗಳೂ ಕುಶಲಕರ್ಮಿಗಳೂ ಬಂದರು. ಪ್ಲೇಗಿನ ಹಾವಳಿ, ಬೆನ್ನಟ್ಟಿದ ಸಾಲ. ಮುದ್ರಣಾಲಯ ಲೋಣಾವಳದ ಬಳಿಯ ಮಳವಳಿಗೆ ಸಾಗಿತು. 20ನೆಯ ಶತಮಾನದ ಆರಂಭದಲ್ಲಿ ಸಹೋದರರು ಅದನ್ನು ತಮ್ಮಲ್ಲಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರರಿಗೆ ಮಾರಬೇಕಾಯಿತು. ತಮ್ಮ 1905ರಲ್ಲಿ ತೀರಿಕೊಂಡರು. ಮೈಸೂರು ಅರಸರಿಗಾಗಿ ಚಿತ್ರಗಳನ್ನು ರಚಿಸಿದ ಅಣ್ಣ 1906ರಲ್ಲಿ. ಶ್ಲೈಶರರ ಕೈಯಲ್ಲಿ ಮುದ್ರಣಾಲಯ ಬೆಳೆಯಿತು. 1935ರಲ್ಲಿ ಅವರು ತೀರಿಕೊಂಡ ಮೇಲೂ ಉಳಿಯಿತು. 1972ರ ಬೆಂಕಿ ಅದನ್ನು ನುಂಗಿತು.

ಲೆಕ್ಕದ ಪುಸ್ತಕ ನೋಡಿದರೆ ಸಹೋದರರದು ಸೋಲು. ಆದರೆ ದೇವಾಲಯದ ಬಾಗಿಲಲ್ಲಿ ತಡೆಯಲ್ಪಟ್ಟವರ ಮನೆಗೂ ಆ ಚಿತ್ರಗಳು ತಲುಪಿ, ದೀಪದ ಬೆಳಕು ಕಂಡವು. ಆ ಲಾಭವನ್ನು ಯಾವ ಪುಸ್ತಕದಲ್ಲಿ ಬರೆಯೋಣ?

ಅಚ್ಚು ಮುಗಿದ ಕಲ್ಲನ್ನು ಉಜ್ಜಿ, ಚಿತ್ರ ಅಳಿಸಿ, ಮತ್ತೊಂದಕ್ಕೆ ಅಣಿಗೊಳಿಸುತ್ತಿದ್ದರು. ಉಜ್ಜಿದವರ ಹೆಸರನ್ನು ಯಾವ ಚಿತ್ರದ ಅಂಚಿನಲ್ಲೂ ಮುದ್ರಿಸಲಿಲ್ಲ. ಮಕ್ಕಳಿಗಾಗಿ ತಮ್ಮನ್ನೇ ಸವೆಸಿಕೊಂಡ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರಲ್ಲವೇ? ಇಂದು ಸಂಜೆ ಜಪಮಾಲೆಗೆ ಕುಳಿತಾಗ, ಗೋಡೆಯ ಚಿತ್ರದತ್ತ ನೋಡುತ್ತಾ ಅವರನ್ನೂ ನೆನೆಯೋಣ.