ನೇಡ್ರಿಯನ್ ಸೀಮನ್

ನೇಡ್ರಿಯನ್ ಚಾರ್ಲ್ಸ್ ಸೀಮನ್ (ಡಿಸೆಂಬರ್ 16, 1945 – ನವೆಂಬರ್ 16, 2021) ಅಮೆರಿಕದ ಸ್ಫಟಿಕವಿಜ್ಞಾನಿ ಹಾಗೂ ಡಿ.ಎನ್.ಎ. ನ್ಯಾನೊತಂತ್ರಜ್ಞಾನದ ಪ್ರವರ್ತಕರು. ಆನುವಂಶಿಕ ಮಾಹಿತಿಯ ವಾಹಕವೆಂದು ಪರಿಚಿತವಾಗಿದ್ದ ಡಿ.ಎನ್.ಎ. ಅಣುವನ್ನು ಸೂಕ್ಷ್ಮ ರಚನೆಗಳ ನಿರ್ಮಾಣ ಸಾಮಗ್ರಿಯಾಗಿಯೂ ಬಳಸಬಹುದೆಂದು ಇವರು ತೋರಿಸಿಕೊಟ್ಟರು.

ಜನನ ಮತ್ತು ಶಿಕ್ಷಣ

ಸೀಮನ್ ಅವರು ಷಿಕಾಗೋ ನಗರದಲ್ಲಿ ಜನಿಸಿದರು. 1966ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ ಪದವಿಯನ್ನೂ 1970ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅನಂತರ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಲೆಕ್ಸಾಂಡರ್ ರಿಚ್ ಅವರ ಪ್ರಯೋಗಾಲಯದಲ್ಲಿಯೂ ಸಂಶೋಧನೆ ನಡೆಸಿದರು.

ವೃತ್ತಿಜೀವನ

1977ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾನಿಲಯದ ಆಲ್ಬನಿ ಕೇಂದ್ರದಲ್ಲಿ ಅಧ್ಯಾಪಕರಾದರು. ಅಣುವಿನ ರಚನೆಯನ್ನು ಕ್ಷ-ಕಿರಣಗಳಿಂದ ಅರಿಯಬೇಕಾದರೆ ಮೊದಲು ಅದರ ಸ್ಫಟಿಕ ದೊರೆಯಬೇಕು. ಆಲ್ಬನಿಯಲ್ಲಿ ಅವರಿಗೆ ಬೇಕಾದ ಸ್ಫಟಿಕಗಳು ಬೆಳೆಯಲಿಲ್ಲ. ಸ್ಫಟಿಕವಿಲ್ಲದೆ ಸಂಶೋಧನೆಯಿಲ್ಲ, ಸಂಶೋಧನೆಯಿಲ್ಲದೆ ಹುದ್ದೆ ಉಳಿಯುವ ಭರವಸೆಯೂ ಇಲ್ಲ ಎಂಬ ಸ್ಥಿತಿ ಒದಗಿತು.

1980ರಲ್ಲಿ ಆರು ಕವಲುಗಳುಳ್ಳ ಡಿ.ಎನ್.ಎ. ಸಂಧಿಯನ್ನು ಕುರಿತು ಚಿಂತಿಸುತ್ತಿದ್ದಾಗ, ಡಚ್ ಕಲಾವಿದ ಎಂ. ಸಿ. ಎಷರ್ ಅವರ 'ಡೆಪ್ತ್' ಎಂಬ ಚಿತ್ರ ಅವರ ನೆನಪಿಗೆ ಬಂದಿತು. ಅದರಲ್ಲಿ ಮೀನುಗಳು ಮೂರು ದಿಕ್ಕುಗಳಲ್ಲಿಯೂ ಸಾಲುಸಾಲಾಗಿ ಜೋಡಣೆಗೊಂಡಿವೆ. ಕವಲೊಡೆದ ಡಿ.ಎನ್.ಎ. ಸಂಧಿಗಳನ್ನೂ ಹೀಗೆಯೇ ಜೋಡಿಸಿ ಜಾಲಕವನ್ನು ಕಟ್ಟಿ, ಸ್ಫಟಿಕವಾಗಲು ಒಪ್ಪದ ಅಣುಗಳನ್ನು ಅದರೊಳಗೆ ಕ್ರಮವಾಗಿ ನಿಲ್ಲಿಸಬಹುದೆಂದು ಅವರಿಗೆ ಹೊಳೆಯಿತು. ಈ ವಿಚಾರದ ಲೇಖನ 1982ರಲ್ಲಿ ಪ್ರಕಟವಾಯಿತು. 1988ರಲ್ಲಿ ಅವರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗವನ್ನು ಸೇರಿದರು.

ಕಾರ್ಯವಿಧಾನ

ಡಿ.ಎನ್.ಎ.ಯಲ್ಲಿ ಅಡೆನಿನ್ ಥೈಮಿನ್‌ನೊಡನೆಯೂ ಗ್ವಾನಿನ್ ಸೈಟೋಸಿನ್‌ನೊಡನೆಯೂ ಜೋಡಿಯಾಗುತ್ತವೆ. ಆದ್ದರಿಂದ ಎಳೆಗಳ ಅಕ್ಷರಕ್ರಮವನ್ನು ಮೊದಲೇ ನಿರ್ಧರಿಸಿದರೆ, ಅವು ತಾವಾಗಿಯೇ ಬೇಕಾದ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಜೀವಕೋಶಗಳಲ್ಲಿ ಕಂಡುಬರುವ ನಾಲ್ಕು ಕವಲಿನ ಸಂಧಿಯು ಸಮಾನ ಅಕ್ಷರಕ್ರಮದ ಕಾರಣದಿಂದ ಜಾರುತ್ತಿರುತ್ತದೆ. ಸೀಮನ್ ಆ ಸಮಾನತೆಯನ್ನು ತೊಡೆದುಹಾಕಿ ಸ್ಥಿರವಾದ ಸಂಧಿಯನ್ನು ರೂಪಿಸಿದರು. ಜೋಡಿಯಿಲ್ಲದೆ ಚಾಚಿಕೊಂಡಿರುವ 'ಅಂಟು ತುದಿ'ಗಳು ಇಂತಹ ಘಟಕಗಳನ್ನು ಒಂದಕ್ಕೊಂದು ಬೆಸೆಯುತ್ತವೆ.

ಪ್ರಮುಖ ಸಾಧನೆಗಳು

• 1991: ಜಂಗ್‌ಹ್ಯೂಯಿ ಚೆನ್ ಅವರೊಡನೆ ಡಿ.ಎನ್.ಎ.ಯಿಂದ ಘನಾಕೃತಿಯ ರಚನೆ. ಇದರ ಆರು ಮುಖಗಳು ಪರಸ್ಪರ ಹೆಣೆದುಕೊಂಡ ಆರು ಉಂಗುರಗಳಾಗಿವೆ.
• 1998: ಎರಿಕ್ ವಿನ್‌ಫ್ರೀ ಮೊದಲಾದವರೊಡನೆ ಎರಡು ಆಯಾಮಗಳ ಡಿ.ಎನ್.ಎ. ಸ್ಫಟಿಕ.
• 1999: ಬಲಸುರುಳಿಯಿಂದ ಎಡಸುರುಳಿಗೆ ಹೊರಳುವ ಡಿ.ಎನ್.ಎ. ಯಾಂತ್ರಿಕ ಸಾಧನ.
• 2004: ಡಿ.ಎನ್.ಎ. ಪಥದ ಮೇಲೆ ಹೆಜ್ಜೆಯಿಡುವ ಎರಡು ಕಾಲಿನ ಅಣುಸಾಧನ.
• 2009: ತ್ರಿಕೋನ ಘಟಕಗಳಿಂದ ತಾನೇ ಕಟ್ಟಿಕೊಂಡ ಮೂರು ಆಯಾಮಗಳ ಸ್ಫಟಿಕ. 1980ರಲ್ಲಿ ಹೊಳೆದ ಜಾಲಕದ ಕಲ್ಪನೆ ಸಾಕಾರವಾಗಲು ಸುಮಾರು ಮೂರು ದಶಕಗಳು ಹಿಡಿದವು.

ಪ್ರಶಸ್ತಿ ಮತ್ತು ಪ್ರಭಾವ

ಸೀಮನ್ ಅವರಿಗೆ 1995ರಲ್ಲಿ ನ್ಯಾನೊತಂತ್ರಜ್ಞಾನಕ್ಕಾಗಿ ನೀಡುವ ಫೈನ್‌ಮನ್ ಪ್ರಶಸ್ತಿ ದೊರೆಯಿತು. 2010ರಲ್ಲಿ ಡೊನಾಲ್ಡ್ ಐಗ್ಲರ್ ಅವರೊಂದಿಗೆ ನ್ಯಾನೊವಿಜ್ಞಾನದ ಕಾವ್ಲಿ ಪ್ರಶಸ್ತಿಯನ್ನು ಹಂಚಿಕೊಂಡರು. ಒಂದು ನೀಳವಾದ ಎಳೆಯನ್ನು ಮಡಿಚಿ ಆಕೃತಿಗಳನ್ನು ರಚಿಸುವ, ಪಾಲ್ ರಾಥೆಮಂಡ್ ಅವರ 'ಡಿ.ಎನ್.ಎ. ಒರಿಗಾಮಿ' ವಿಧಾನವು (2006) ಸೀಮನ್ ತೆರೆದ ಹಾದಿಯಲ್ಲಿಯೇ ಬೆಳೆದುಬಂದುದಾಗಿದೆ.