ದಾಂಪತ್ಯಕ್ಕೆ ಲೆಕ್ಕದ ಸಾಕ್ಷಿ

ಮದುವೆಗೆ ಸಾಕ್ಷಿ ಯಾರೆಂದು ಕೇಳಿದರೆ ನಮ್ಮ ಹಿರಿಯರು ಅಗ್ನಿಯನ್ನೂ ಬಂಧುಬಳಗವನ್ನೂ ತೋರಿಸುತ್ತಿದ್ದರು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಹೊರಟವರಿಗೆ ಈ ಸಾಕ್ಷಿಗಳು ಸಾಲವು. ಅಲ್ಲಿಯ ಅಧಿಕಾರಿಗಳು ತೆರಿಗೆಯ ಕಾಗದ, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಇವನ್ನೂ ನೋಡಬಯಸುತ್ತಾರೆ. ಇಬ್ಬರ ಹೆಸರಿನಲ್ಲೂ ಒಂದು ಜಂಟಿ ಖಾತೆಯಿದ್ದರೆ ಎಲ್ಲವೂ ಸಲೀಸೆಂದು ನಂಬಿದವರು ಹಲವರು. ಅದು ಅರ್ಧ ಸತ್ಯ. ಆ ಖಾತೆಯನ್ನು ಮುಂದಿಟ್ಟುಕೊಂಡು ಸರ್ಕಾರವು ಕೇಳುವ ಪ್ರಶ್ನೆಗಳು ಎರಡು. 'ನಿಮಗೆ ಬದುಕುವ ಶಕ್ತಿಯುಂಟೆ?' ಎಂಬುದು ಮೊದಲನೆಯದು. 'ನೀವು ನಿಜವಾಗಿ ಗಂಡಹೆಂಡಿರೆ?' ಎಂಬುದು ಎರಡನೆಯದು. ಇವುಗಳ ಹುಟ್ಟು ಬೇರೆ, ವಯಸ್ಸೂ ಬೇರೆ.

ಮೊದಲನೆಯ ಪ್ರಶ್ನೆ ಬಲು ಹಳೆಯದು. ಅದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಬಡವರ ಪಾಲನೆ ಆಯಾ ಪ್ಯಾರಿಷ್, ಎಂದರೆ ಇಗರ್ಜಿಗೆ ಸೇರಿದ ಊರಿನ ಹೊಣೆಯಾಗಿತ್ತು. ತಮ್ಮ ಊರಿನ ಬಡವರನ್ನು ಸಾಕುವುದೇ ಭಾರವೆನಿಸಿದಾಗ ಪರವೂರಿನವರನ್ನು ಸಾಕುವವರು ಯಾರು? 1662ರಲ್ಲಿ ಒಂದು ಶಾಸನ ಹೊರಟಿತು. ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬೆಲೆಯ ಮನೆಯಲ್ಲಿ ಬಂದು ಇಳಿದವನು ಮುಂದೆ ಊರಿಗೆ ಹೊರೆಯಾದಾನೆಂದು 40 ದಿನಗಳೊಳಗೆ ದೂರು ಬಂದರೆ, ಅವನನ್ನು ಹಿಂದಿನ ಊರಿಗೇ ಅಟ್ಟಬಹುದಾಗಿತ್ತು. 1697ರಲ್ಲಿ ಇದಕ್ಕೊಂದು ಸಡಿಲಿಕೆ ಬಂತು. 'ಇವನು ನಮ್ಮವನು, ಕೈಸೋತರೆ ನಾವು ಹೊಣೆ' ಎಂದು ಸ್ವಂತ ಊರಿನವರು ಬರೆದುಕೊಟ್ಟ ಪತ್ರವಿದ್ದರೆ ಅವನು ಪರವೂರಿನಲ್ಲಿ ಇರಬಹುದು. ಇಂದಿನ ಹೊಣೆಪತ್ರದ ಮೂಲಪುರುಷ ಈ ಕಾಗದವೇ ಎನ್ನಬಹುದು. ಹೆಂಗಸಿನ ಮಟ್ಟಿಗೆ ಮದುವೆಯಾದೊಡನೆ ಗಂಡನ ಊರೇ ಅವಳ ಊರಾಗುತ್ತಿತ್ತು.

ಈ ಭಾವನೆಯನ್ನು ವಲಸೆಗಾರರು ಅಮೆರಿಕಾಕ್ಕೆ ಹೊತ್ತೊಯ್ದರು. 1882ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರವು ಮಾಡಿದ ವಲಸೆ ಕಾಯಿದೆಯು ಹಡಗಿನಲ್ಲಿ ಬಂದ ಪ್ರತಿಯೊಬ್ಬ ಪರದೇಶಿಗೂ 50 ಸೆಂಟು ತಲೆಗಂದಾಯವನ್ನು ವಿಧಿಸಿತು. ತನ್ನನ್ನು ತಾನು ಸಾಕಿಕೊಳ್ಳಲಾರದೆ ಸಾರ್ವಜನಿಕರಿಗೆ ಹೊರೆಯಾಗುವವನನ್ನು ಇಳಿಯಗೊಡಬಾರದೆಂದಿತು. 1891ರ ಕಾಯಿದೆಯಲ್ಲಿ ಮಾತು ಇನ್ನಷ್ಟು ಹಿಗ್ಗಿ, ಹೊರೆಯಾಗುವ ಸಂಭವವುಳ್ಳವರು ಎಂದಾಯಿತು. 1892ರ ಜನವರಿ 1ರಂದು ನ್ಯೂಯಾರ್ಕಿನ ರೇವಿನಲ್ಲಿ ಎಲ್ಲಿಸ್ ದ್ವೀಪದ ಠಾಣೆ ತೆರೆಯಿತು. ಒಂಟಿಯಾಗಿ ಬಂದ ಹೆಂಗಸನ್ನು ಗಂಡನೋ ಬಂಧುವೋ ಬಂದು ಕರೆದೊಯ್ಯುವವರೆಗೆ ಅಲ್ಲಿ ತಡೆದಿಡುತ್ತಿದ್ದರು. ಮದುವೆ ನಿಶ್ಚಯವಾಗಿ ಬಂದ ಕನ್ಯೆಯರಲ್ಲಿ ಕೆಲವರಿಗೆ ಆ ದ್ವೀಪದಲ್ಲೇ ಲಗ್ನವಾದದ್ದುಂಟು.

ಸಂಭವ ಎಂಬ ಮಾತಿಗೆ ಅಳತೆಗೋಲಿಲ್ಲ. ಅಧಿಕಾರಿಯ ಮನಸ್ಸೇ ಅಳತೆಗೋಲು. ಒಂದು ಊರಿನಲ್ಲಿ ಕೆಲಸ ಸಿಗುವುದು ಕಷ್ಟವೆಂಬ ಕಾರಣ ಕೊಟ್ಟು ಹೊರಗಿಡುವುದು ಸಲ್ಲದೆಂದು 1915ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೆ 1930ರ ಸೆಪ್ಟೆಂಬರಿನಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲಕ್ಕೆ, ಅಧ್ಯಕ್ಷ ಹೂವರರ ಸರ್ಕಾರವು ಇದೇ ಮಾತನ್ನು ಬಿಗಿಯಾಗಿ ಪಾಲಿಸುವಂತೆ ಪರದೇಶಗಳಲ್ಲಿದ್ದ ತನ್ನ ಕಾನ್ಸಲರಿಗೆ ಸೂಚಿಸಿತು. ಮುಂದೆ ಹಿಟ್ಲರನ ಜರ್ಮನಿಯಿಂದ ಪಾರಾಗಲೆಳಸಿದ ಯೆಹೂದ್ಯರು ಅಮೆರಿಕಾದ ನೆಂಟರಿಂದ ಹೊಣೆಪತ್ರಗಳನ್ನು ತರಿಸಬೇಕಾಯಿತು. ನೆಂಟನ ಗಳಿಕೆ ಇಷ್ಟು, ಬ್ಯಾಂಕಿನಲ್ಲಿರುವುದು ಇಷ್ಟು ಎಂಬ ಒಕ್ಕಣೆಯ ಮೇಲೆ ಎಷ್ಟೋ ಜನರ ಪ್ರಾಣ ತೂಗುತ್ತಿತ್ತು.

ಭಾರತೀಯರ ಮಟ್ಟಿಗೆ 1946ರ ಕಾಯಿದೆಯು ವರ್ಷಕ್ಕೆ 100 ಮಂದಿಗೆ ಮಾತ್ರ ಬಾಗಿಲು ತೆರೆದಿತ್ತು. 1965ರ ಕಾಯಿದೆಯು ದೇಶವಾರು ಪಾಲಿನ ಆ ಪದ್ಧತಿಯನ್ನು ತೆಗೆದುಹಾಕಿ ಕುಟುಂಬದ ಸಂಬಂಧಕ್ಕೂ ಕೌಶಲಕ್ಕೂ ಆದ್ಯತೆಯಿತ್ತಿತು. ನಮ್ಮ ಮನೆಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಹೋದದ್ದೂ, ಈ ಲೆಕ್ಕದ ಪ್ರಶ್ನೆ ನಮ್ಮ ಜಗಲಿಯವರೆಗೆ ಬಂದದ್ದೂ ಆಮೇಲೆ.

ಅಲ್ಲಿಯವರೆಗಿನ ಹೊಣೆಪತ್ರಗಳಿಗೆ ನೈತಿಕ ಬಲವಿತ್ತೇ ಹೊರತು, ಬರೆದುಕೊಟ್ಟವನನ್ನು ಹಿಡಿದು ವಸೂಲು ಮಾಡುವುದು ಕಷ್ಟವೆಂದು ನ್ಯಾಯಾಲಯಗಳು ಕಂಡವು. 1996ರ ಕಾಯಿದೆ ಇದನ್ನು ಬದಲಿಸಿತು. ಅಂದಿನಿಂದ ಅದು ಕೋರ್ಟಿನಲ್ಲಿ ನಿಲ್ಲುವ ಮುಚ್ಚಳಿಕೆ. ಕರೆಸಿಕೊಳ್ಳುವವರ ಆದಾಯವು ಸರ್ಕಾರ ಗೊತ್ತುಮಾಡಿದ ಬಡತನದ ಗೆರೆಯ ನೂರಕ್ಕೆ 125ರಷ್ಟಿರಬೇಕು. 2024ರಲ್ಲಿ, ಅಲಾಸ್ಕ ಮತ್ತು ಹವಾಯಿಗಳನ್ನು ಬಿಟ್ಟು, ಇಬ್ಬರ ಸಂಸಾರಕ್ಕೆ ಆ ಗೆರೆ 20,440 ಡಾಲರು. ಬೇಕಾದ ಆದಾಯ 25,550 ಡಾಲರು. ಆದಾಯ ಸಾಲದಿದ್ದರೆ ಉಳಿತಾಯವನ್ನು ತೋರಿಸಬಹುದು, ಆದರೆ ಕೊರತೆಯ ಐದರಷ್ಟು. ಅಮೆರಿಕಾದ ಪ್ರಜೆಯ ಗಂಡ ಅಥವಾ ಹೆಂಡತಿಗಾದರೆ ಮೂರರಷ್ಟು. ಆದಾಯದಲ್ಲಿ 5,000 ಡಾಲರು ಕಡಿಮೆಯಿದ್ದರೆ 15,000 ಡಾಲರಿನ ಆಸ್ತಿ ಬೇಕೆಂದಾಯಿತು. ಅದೂ ಸಾಲದಿದ್ದರೆ ಬೇರೊಬ್ಬರು ಜಂಟಿ ಜಾಮೀನಾಗಬಹುದು. ವಿಚ್ಛೇದನವಾದರೂ ಈ ಮುಚ್ಚಳಿಕೆ ಬಿಡದೆಂಬುದನ್ನು, ಸ್ನೇಹಕ್ಕೆ ಕಟ್ಟುಬಿದ್ದು ರುಜು ಹಾಕುವವರು ತಿಳಿದಿರಬೇಕು.

ಇನ್ನು ಎರಡನೆಯ ಪ್ರಶ್ನೆ. ಗಂಡಹೆಂಡಿರ ಹಣ ಕೂಡಿರುವುದೇ ದಾಂಪತ್ಯದ ಗುರುತೆಂಬ ಭಾವನೆ ಹಿಂದೆ ಹುಟ್ಟುವಂತೆಯೇ ಇರಲಿಲ್ಲ. ಇಂಗ್ಲಿಷ್ ರೂಢಿಯ ನ್ಯಾಯದಂತೆ ಮದುವೆಯಾದವಳ ಹಣ ಗಂಡನದು. ಇಬ್ಬರ ಹೆಸರಿಗೆ ಅರ್ಥವೇ ಇಲ್ಲ. ನ್ಯೂಯಾರ್ಕ್ ಸಂಸ್ಥಾನವು 1848ರಲ್ಲಿ ವಿವಾಹಿತೆಯರಿಗೆ ಸ್ವಂತ ಆಸ್ತಿಯ ಹಕ್ಕನ್ನು ಒಪ್ಪಿತು. ನಮ್ಮ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸ್ತ್ರೀಧನದ ಅರ್ಥವನ್ನು ಅದಕ್ಕೂ ಏಳು ಶತಮಾನಗಳ ಹಿಂದೆಯೇ ವಿಸ್ತರಿಸಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಬೇರೆ ಬೇರೆ ಹಣವುಳ್ಳ ಇಬ್ಬರು ಮನಸಾರೆ ಕೂಡಿಸಿದಾಗ ಮಾತ್ರ ಜಂಟಿ ಖಾತೆ ಸಾಕ್ಷಿಯ ಯೋಗ್ಯತೆ ಪಡೆಯುತ್ತದೆ.

1986ರಲ್ಲಿ ಅಮೆರಿಕಾವು ಸುಳ್ಳು ಮದುವೆಗಳನ್ನು ತಡೆಯಲು ಕಾಯಿದೆ ಮಾಡಿತು. ಮದುವೆಯಾಗಿ ಎರಡು ವರ್ಷ ತುಂಬದೆ ನೆಲೆಸುವ ಹಕ್ಕು ಪಡೆದವರಿಗೆ ಆ ಹಕ್ಕು ಎರಡು ವರ್ಷಗಳ ಷರತ್ತಿನದು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಕೂಡಿ ಅರ್ಜಿ ಹಾಕಬೇಕು. ಅದರೊಡನೆ ಏನನ್ನು ಲಗತ್ತಿಸಬಹುದೆಂದು ನಿಯಮವು ಎಣಿಸಿ ಹೇಳುತ್ತದೆ: ಇಬ್ಬರ ಹೆಸರಿನ ಆಸ್ತಿ, ಇಬ್ಬರ ಹೆಸರಿನ ಮನೆಬಾಡಿಗೆಯ ಕರಾರು, ಕೂಡಿಸಿದ ಹಣಕಾಸು, ಮಕ್ಕಳ ಜನನಪತ್ರ, ಬಲ್ಲವರ ಪ್ರಮಾಣಪತ್ರ. ಜಂಟಿ ಖಾತೆಗೆ ಮಹತ್ವ ಬಂದದ್ದು ಇಲ್ಲಿ. ಇಲ್ಲಿ ಅಧಿಕಾರಿ ಮೊತ್ತಕ್ಕಿಂತ ಬಳಕೆಯನ್ನು ನೋಡುತ್ತಾನೆ. ಅರ್ಜಿಯ ಹಿಂದಿನ ವಾರ ತೆರೆದು ದೊಡ್ಡ ಮೊತ್ತ ತುಂಬಿದ ಖಾತೆಗಿಂತ, ಬಾಡಿಗೆ, ದೀಪದ ಬಿಲ್ಲು, ದಿನಸಿಗಳಿಗೆ ತಿಂಗಳು ತಿಂಗಳೂ ಕರಗುವ ಸಣ್ಣ ಖಾತೆಯೇ ಸಂಸಾರದ ಕಥೆಯನ್ನು ಚೆನ್ನಾಗಿ ಹೇಳುತ್ತದೆ.

ಹೆಸರಿಗಿಂತ ಅಧಿಕಾರ ಮುಖ್ಯವೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಅನಿವಾಸಿ ಭಾರತೀಯರು ಇಲ್ಲಿಯ ನಿಕಟ ಬಂಧುವಿನೊಡನೆ ಎನ್‌ಆರ್‌ಇ ಖಾತೆಯನ್ನು ಜಂಟಿಯಾಗಿ ಇಡಲು ರಿಸರ್ವ್ ಬ್ಯಾಂಕು 2011ರಲ್ಲಿ ಅನುಮತಿಯಿತ್ತಿತು. ಆದರೆ 'ಮೊದಲ ಹೆಸರಿನವರು, ಅವರ ತರುವಾಯ ಉಳಿದವರು' ಎಂಬ ಕಟ್ಟಿನ ಮೇಲೆ. ಖಾತೆಯಲ್ಲಿ ಹೆಸರಿರುವ ಹೆಂಡತಿ, ಗಂಡನ ಮುಖ್ತಿಯಾರ್ ಪತ್ರವಿಲ್ಲದೆ, ಅದರಿಂದ ಹಣ ತೆಗೆಯುವಂತಿಲ್ಲ.

ಹೆಸರೇ ಇಲ್ಲದವಳ ಪಾಡೇನು? ಗಂಡನು ಪಾಸ್‌ಬುಕ್ಕನ್ನೂ ಅರ್ಜಿಯನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಂಡು ಹಿಂಸಿಸಿದರೆ, ಪರದೇಶದಲ್ಲಿ ಅವಳ ನೆಲೆಯೇ ಅವನ ಕೈಗೆ ಸಿಕ್ಕಂತಾಗುತ್ತದೆ. 1986ರ ಕಾಯಿದೆಯಿಂದ ಒದಗಿದ ಈ ಕಷ್ಟ ಬೇಗ ಕಣ್ಣಿಗೆ ಬಿತ್ತು. 1990ರಲ್ಲಿ, ಪೆಟ್ಟು ತಿಂದ ಸಂಗಾತಿ ಜಂಟಿ ಅರ್ಜಿಯಿಲ್ಲದೆ ತಾನೇ ಷರತ್ತಿನಿಂದ ಬಿಡುಗಡೆ ಕೋರಬಹುದೆಂದು ತಿದ್ದುಪಡಿಯಾಯಿತು. 1994ರ ಇನ್ನೊಂದು ಕಾಯಿದೆಯು ಅಂಥವರಿಗೆ ಮೊದಲ ಅರ್ಜಿಯನ್ನೂ ಸ್ವತಃ ಹಾಕುವ ದಾರಿ ತೋರಿತು.

ಮಗಳನ್ನೋ ಮಗನನ್ನೋ ಕಡಲಾಚೆಗೆ ಕಳುಹಿಸುವ ಹಿರಿಯರು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು. ಶಕ್ತಿಯ ಪ್ರಶ್ನೆಗೆ ಆದಾಯವೇ ಉತ್ತರ. ಜಂಟಿ ಖಾತೆ ಅದಕ್ಕೆ ಒತ್ತಾಸೆ ಮಾತ್ರ. ದಾಂಪತ್ಯದ ಪ್ರಶ್ನೆಗೆ ಜಂಟಿ ಖಾತೆ ಒಳ್ಳೆಯ ಸಾಕ್ಷಿ, ಅದೂ ಹಲವು ಸಾಕ್ಷಿಗಳ ನಡುವೆ ಒಂದು. ಇವೆರಡಕ್ಕೂ ಮಿಗಿಲಾಗಿ ಮನೆಯವರು ವಿಚಾರಿಸಬೇಕಾದದ್ದು ಒಂದಿದೆ: ಆ ಖಾತೆಯಲ್ಲಿ ನಮ್ಮ ಹುಡುಗಿಯ ಹೆಸರಿದೆಯೆ, ಅವಳ ರುಜುವಿಗೆ ಅಲ್ಲಿ ಹಣ ಹುಟ್ಟುತ್ತದೆಯೆ? ಜಾತಕ ನೋಡುವಷ್ಟೇ ಆಸ್ಥೆಯಿಂದ ಇದನ್ನೂ ಕೇಳಿ ತಿಳಿದುಕೊಂಡರೆ ಯಾರಿಗೂ ಅಗೌರವವಾಗದು.