ಶ್ರೀಮತಿ ಪಿಂಕಂ ಅವರ ಉತ್ತರಗಳು: ಸಣ್ಣ ವ್ಯಾಪಾರ, ಸಹಜವಾದ ಮಾತು ಮತ್ತು ಸತ್ಯ
(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮ ಜನರಲ್ಲಿ ದಿನಸಿ ಅಂಗಡಿ, ಹೋಟೆಲು, ನೃತ್ಯಶಾಲೆ, ಪ್ರಯಾಣ ಸಂಸ್ಥೆ, ಸ್ವಂತ ಚಿಕಿತ್ಸಾಲಯ ಮುಂತಾದ ಸಣ್ಣ ಉದ್ಯಮಗಳನ್ನು ನಡೆಸುವವರು ಅನೇಕರಿದ್ದಾರೆ. ಅವರಿಗೆಲ್ಲ ಈಗ ದೊರೆಯುವ ಉಪದೇಶ ಹೆಚ್ಚು ಕಡಿಮೆ ಒಂದೇ ಬಗೆಯದು. ದೊಡ್ಡ ಕಂಪನಿಯಂತೆ ಮಾತನಾಡಬೇಡಿ. ನಿಮ್ಮ ಮುಖವನ್ನು ತೋರಿಸಿ, ನಿಮ್ಮ ಕಥೆಯನ್ನು ನೀವೇ ಹೇಳಿ, ಗಿರಾಕಿಗೆ ಉಪಯೋಗವಾಗುವ ನಾಲ್ಕು ಮಾತು ಬರೆಯಿರಿ. ಭಾಷೆ ನಯವಾಗಿಲ್ಲದಿದ್ದರೂ ಚಿಂತೆಯಿಲ್ಲ, ಸಹಜವಾಗಿದ್ದರೆ ಸಾಕು ಎಂಬುದೇ ಆ ಉಪದೇಶ. ಇದನ್ನು ಹೊಸ ಕಾಲದ ಹೊಸ ಉಪಾಯವೆಂದು ಹೇಳುವುದುಂಟು. ಆದರೆ ಈ ಉಪಾಯವು ಇದೇ ದೇಶದ ಒಂದು ಬಡ ಮನೆಯ ನೆಲಮಾಳಿಗೆಯಲ್ಲಿ ಸುಮಾರು ನೂರೈವತ್ತು ವರ್ಷಗಳ ಹಿಂದೆಯೇ ಪ್ರಯೋಗವಾಗಿ ಗೆದ್ದಿತು. ಅದರ ಬಲವೂ ಅದರ ಅಪಾಯವೂ ಆ ಒಂದೇ ಕಥೆಯಲ್ಲಿ ಕಾಣಸಿಗುತ್ತವೆ. ಅದು ಔಷಧಿಯ ಕಥೆಯಾದ್ದರಿಂದ ವೈದ್ಯನಾದ ನನಗೆ ಅದನ್ನು ಹೇಳುವ ಆಸೆ ಇನ್ನಷ್ಟು ಹೆಚ್ಚು.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ಉತ್ತರಕ್ಕೆ, ಲಿನ್ ಎಂಬ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಪಾದರಕ್ಷೆಗಳ ತಯಾರಿಕೆಗೆ ಹೆಸರಾಗಿತ್ತು. ಅಲ್ಲಿ 1819ರಲ್ಲಿ ಒಂದು ಕ್ವೇಕರ್ ಕುಟುಂಬದಲ್ಲಿ ಲಿಡಿಯಾ ಎಸ್ಟಿಸ್ ಹುಟ್ಟಿದಳು. ಆ ಮನೆಯವರು ಗುಲಾಮಗಿರಿಯ ಕಡು ವಿರೋಧಿಗಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮುಂದೆ ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಅವರಿಗೆ ಪರಿಚಿತನಾಗಿದ್ದನು. ಲಿಡಿಯಾ ಕೆಲಕಾಲ ಶಾಲಾ ಉಪಾಧ್ಯಾಯಿನಿಯಾಗಿದ್ದು, 1843ರಲ್ಲಿ ಐಸಾಕ್ ಪಿಂಕಂ ಎಂಬಾತನನ್ನು ಮದುವೆಯಾದಳು. ಐಸಾಕ್ ಭೂಮಿಯ ಮೇಲೆ ಹಣ ಹೂಡುವ ಸಾಹಸಿ. 1873ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಅವನ ಸಂಪತ್ತೆಲ್ಲ ಕರಗಿ ಕುಟುಂಬ ಬೀದಿಗೆ ಬೀಳುವ ಸ್ಥಿತಿಗೆ ಬಂದಿತು.

ಲಿಡಿಯಾ ಆವರೆಗೆ ಬೇರುಗಳನ್ನು ನೆನೆಸಿ ಒಂದು ಕಷಾಯವನ್ನು ತಯಾರಿಸಿ ನೆರೆಹೊರೆಯ ಹೆಂಗಸರಿಗೆ ಹಣ ಪಡೆಯದೆ ಕೊಡುತ್ತಿದ್ದಳು. ಮುಟ್ಟಿನ ನೋವು, ಗರ್ಭಕೋಶದ ತೊಂದರೆ, ಮುಟ್ಟು ನಿಲ್ಲುವ ಕಾಲದ ಸಂಕಟ ಮೊದಲಾದವುಗಳಿಗೆ ಅದು ಮದ್ದೆಂದು ನಂಬಿಕೆ. 1875ರಲ್ಲಿ, ತನ್ನ ಐವತ್ತಾರನೆಯ ವಯಸ್ಸಿನಲ್ಲಿ, ಆಕೆ ಅದನ್ನು ಮಾರಾಟಕ್ಕಿಟ್ಟಳು. ಬೆಲೆ ಸೀಸೆಗೆ ಒಂದು ಡಾಲರ್, ಆರಕ್ಕೆ ಐದು ಡಾಲರ್. ಅದರಲ್ಲಿ ಬ್ಲಾಕ್ ಕೊಹಾಶ್, ಯೂನಿಕಾರ್ನ್ ರೂಟ್, ಲೈಫ್ ರೂಟ್, ಪ್ಲೂರಿಸಿ ರೂಟ್ ಎಂಬ ಅಮೆರಿಕದ ಬೇರುಗಳ ಜೊತೆಗೆ ನಮ್ಮ ಅಡುಗೆಮನೆಯ ಮೆಂತ್ಯವೂ ಇತ್ತು. ಕೆಡದಂತೆ ಇಡಲು ಸೇರಿಸಿದ್ದು ನೂರಕ್ಕೆ ಸುಮಾರು ಹದಿನೆಂಟು ಪಾಲು ಮದ್ಯಸಾರ. ಲಿಡಿಯಾ ಸ್ವತಃ ಪಾನನಿರೋಧದ ಪರವಾಗಿದ್ದವಳು ಎಂಬುದನ್ನು ಇಲ್ಲಿ ನೆನೆಯಬಹುದು.

ಇಂಥ ಸೀಸೆಗಳು ಆ ಕಾಲದಲ್ಲಿ ಸಾವಿರಾರು ಇದ್ದವು. ಹಾಗಿರುವಾಗ ಇದೊಂದೇ ಮನೆಮಾತಾದುದು ಹೇಗೆ? ಉತ್ತರವು ಸೀಸೆಯೊಳಗೆ ಇರಲಿಲ್ಲ. ಅದರ ಜೊತೆಗೆ ಹೋಗುತ್ತಿದ್ದ ಕಾಗದದಲ್ಲಿತ್ತು. ಲಿಡಿಯಾ ಮಹಿಳೆಯರಿಗಾಗಿ ನಾಲ್ಕು ಪುಟಗಳ ಒಂದು ಕೈಪಿಡಿಯನ್ನು ತಾನೇ ಬರೆದಳು. ಮಕ್ಕಳಾದ ಡೇನಿಯಲ್ ಮತ್ತು ವಿಲಿಯಂ ಅದನ್ನು ಮನೆ ಮನೆಗೆ ಹಂಚಿದರು. ಡೇನಿಯಲ್ ಕಂತೆಗಟ್ಟಲೆ ಕರಪತ್ರಗಳನ್ನು ಹೊತ್ತು ಬ್ರೂಕ್ಲಿನ್ನಿನ ಬೀದಿಗಳನ್ನು ಸುತ್ತಿದನು. ಬೇರುಗಳನ್ನು ತಂದವರಿಗೆ ಕೊಡಬೇಕಾಗಿದ್ದ ಅರುವತ್ತು ಡಾಲರನ್ನು ವಿಲಿಯಂ ಬಾಸ್ಟನ್ ಹೆರಾಲ್ಡ್ ಪತ್ರಿಕೆಯ ಮುಖಪುಟದ ಜಾಹೀರಾತಿಗೆ ಸುರಿದುದು ಆ ಮನೆಯ ಪ್ರಸಿದ್ಧ ಪ್ರಸಂಗ. 1879ರಿಂದ ಲಿಡಿಯಾಳ ಭಾವಚಿತ್ರವೇ ಜಾಹೀರಾತಿನಲ್ಲಿ ಬರತೊಡಗಿತು. ಅದು ಸುಂದರ ತರುಣಿಯ ಚಿತ್ರವಲ್ಲ. ಕಪ್ಪು ಉಡುಪು, ಕೊರಳಿಗೆ ಬಿಳಿಯ ಲೇಸು, ಶಾಂತವಾದ ಕಣ್ಣು, ಅಜ್ಜಿಯ ಮುಖ. ಬೇರೊಂದು ಹೆಣ್ಣಿನ ಅಚ್ಚು ಸಿಗದಾಗ ಹಳ್ಳಿಯ ಪತ್ರಿಕೆಗಳು ವಿಕ್ಟೋರಿಯಾ ರಾಣಿಗೂ ಇದೇ ಚಿತ್ರವನ್ನು ಬಳಸಿದುವೆಂಬ ಕಥೆಯೂ ಉಂಟು.

ಇದಕ್ಕಿಂತ ಮುಖ್ಯವಾದುದು ಪತ್ರವ್ಯವಹಾರ. ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕಂ ಅವರಿಗೆ ಬರೆಯಿರಿ ಎಂದು ಜಾಹೀರಾತು ಕರೆಯಿತು. ಬಂದ ಪತ್ರಗಳಿಗೆ ಲಿಡಿಯಾ ಕುಳಿತು ಉತ್ತರ ಬರೆದಳು. ಆ ಉತ್ತರಗಳಲ್ಲಿ ಕಷಾಯದ ಮಾತಿನ ಜೊತೆಗೆ ಶುಚಿತ್ವ, ಮಿತವಾದ ಆಹಾರ, ನಡಿಗೆ ಇವುಗಳ ಮಾತೂ ಇರುತ್ತಿತ್ತು. ತನ್ನ ದೇಹದಲ್ಲಿ ತಿಂಗಳು ತಿಂಗಳು ಏನು ನಡೆಯುತ್ತದೆಂಬುದನ್ನು ಯಾರೂ ಹೇಳಿಕೊಡದ ಕಾಲದಲ್ಲಿ, ಒಬ್ಬ ಹಿರಿಯ ಹೆಂಗಸು ಸಂಕೋಚವಿಲ್ಲದೆ ಅದನ್ನು ವಿವರಿಸಿದಳು.

ವೈದ್ಯರಾದ ನಾವು ಇದನ್ನು ನೋಡಿ ನಗುವ ಮೊದಲು ಆಗ ನಮ್ಮ ವೃತ್ತಿಯ ಸ್ಥಿತಿ ಹೇಗಿತ್ತೆಂದು ಕೇಳಿಕೊಳ್ಳಬೇಕು. ಜೋಸೆಫ್ ಲಿಸ್ಟರ್ ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯ ವಿಧಾನವನ್ನು 1867ರಲ್ಲೇ ಪ್ರಕಟಿಸಿದ್ದನಾದರೂ ಅಮೆರಿಕದ ಅನೇಕ ಶಸ್ತ್ರವೈದ್ಯರು ಅದನ್ನು ಬಹುಕಾಲ ಒಪ್ಪಲಿಲ್ಲ. ಅಂಡಾಶಯಗಳನ್ನು ತೆಗೆಯುವ ಶಸ್ತ್ರಕ್ರಿಯೆ ಆಗ ಪ್ರಾಣಕ್ಕೇ ಗಂಡಾಂತರವಾಗಿತ್ತು. ಹೆಣ್ಣಿನ ನೋವಿಗೆ ಉಪದೇಶವೋ ಕತ್ತಿಯೋ ಎಂಬಂತಿದ್ದ ವೈದ್ಯನಿಗಿಂತ, ಕೇಳಿಸಿಕೊಂಡು ಉತ್ತರ ಬರೆಯುವ ಅಜ್ಜಿಯನ್ನು ಆ ಮಹಿಳೆಯರು ನಂಬಿದುದರಲ್ಲಿ ಆಶ್ಚರ್ಯವೇನಿದೆ? ವೈದ್ಯರು ಖಾಲಿ ಬಿಟ್ಟ ಕುರ್ಚಿಯಲ್ಲಿ ಲಿಡಿಯಾ ಕುಳಿತಳು.

ಹಾಗೆಂದು ಆ ಕಷಾಯ ರೋಗವನ್ನು ಗುಣಪಡಿಸಿತೆಂದಲ್ಲ. ಗರ್ಭಕೋಶದ ಗೆಡ್ಡೆಯನ್ನೂ ಕರಗಿಸುವುದಾಗಿ ಅದರ ಜಾಹೀರಾತು ಹೇಳುತ್ತಿತ್ತು. ಅಂಥ ಶಕ್ತಿ ಅದಕ್ಕಿರಲಿಲ್ಲ. ಅದರಲ್ಲಿದ್ದ ಲೈಫ್ ರೂಟ್ ಎಂಬ ಬೇರಿನಲ್ಲಿ ಯಕೃತ್ತಿಗೆ ವಿಷವಾಗುವ ಅಂಶಗಳಿವೆಯೆಂದು ಈಗ ನಮಗೆ ತಿಳಿದಿದೆ. ಲಿಡಿಯಾ ತನ್ನ ಮದ್ದನ್ನು ಮನಸಾರೆ ನಂಬಿದ್ದಳೆಂದೇ ಕಾಣುತ್ತದೆ. ಆದರೆ ಹೇಳುವವರ ಪ್ರಾಮಾಣಿಕತೆ ಬೇರೆ, ಹೇಳಿದ ಮಾತಿನ ಸತ್ಯತೆ ಬೇರೆ. ಮೊದಲನೆಯದು ಮುಖದಲ್ಲಿ ಕಾಣುತ್ತದೆ. ಎರಡನೆಯದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಗಿರಾಕಿಯು ಮೊದಲನೆಯದನ್ನು ಕಂಡು ಎರಡನೆಯದನ್ನೂ ಒಪ್ಪಿಬಿಡುತ್ತಾನೆ. ಸಹಜವಾದ ಮಾತಿಗೆ ಇರುವ ಶಕ್ತಿಯೂ ಇದೇ, ಅದರಿಂದ ಒದಗುವ ಕೇಡೂ ಇದೇ.

1881ರಲ್ಲಿ ಡೇನಿಯಲ್ ಮತ್ತು ವಿಲಿಯಂ ಇಬ್ಬರೂ ಕ್ಷಯರೋಗದಿಂದ ತೀರಿಕೊಂಡರು. 1883ರ ಮೇ ತಿಂಗಳಿನಲ್ಲಿ ಲಿಡಿಯಾಳೂ ಕಣ್ಮುಚ್ಚಿದಳು. ಆದರೆ ಜಾಹೀರಾತುಗಳಲ್ಲಿ ಆಕೆ ಸಾಯಲಿಲ್ಲ. ಅದೇ ಮುಖ, ಅದೇ ಕರೆ: ಶ್ರೀಮತಿ ಪಿಂಕಂ ಅವರಿಗೆ ಬರೆಯಿರಿ. ಪತ್ರಗಳನ್ನು ಹೆಂಗಸರೇ ಒಡೆದು, ಹೆಂಗಸರೇ ಓದಿ, ಹೆಂಗಸರೇ ಉತ್ತರಿಸುವರೆಂಬ ಭರವಸೆಯನ್ನೂ ಕೊಡಲಾಯಿತು. ಗಂಡನಿಗೂ ಹೇಳಿಕೊಳ್ಳಲಾಗದ ಮಾತುಗಳನ್ನು ದೇಶದ ಮೂಲೆ ಮೂಲೆಗಳಿಂದ ಮಹಿಳೆಯರು ಒಂದು ಸಮಾಧಿಗೆ ಬರೆದರು, ಗುಮಾಸ್ತೆಯರು ಉತ್ತರಿಸಿದರು.

ಈ ಗುಟ್ಟನ್ನು ಬಯಲಿಗೆ ತಂದವನು ಎಡ್ವರ್ಡ್ ಬಾಕ್ ಎಂಬ ಸಂಪಾದಕ. ಅವನೂ ನಮ್ಮಂತೆ ವಲಸೆ ಬಂದವನು, ಹುಟ್ಟಿದ್ದು ಹಾಲೆಂಡಿನಲ್ಲಿ. ಅವನ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆಯು 1892ರಲ್ಲೇ ಇಂಥ ಔಷಧಿಗಳ ಜಾಹೀರಾತನ್ನು ನಿಲ್ಲಿಸಿ ಆ ಆದಾಯವನ್ನು ಬಿಟ್ಟುಕೊಟ್ಟಿತ್ತು. 1905ರಲ್ಲಿ ಬಾಕ್ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿದನು: ಶ್ರೀಮತಿ ಪಿಂಕಂ ಲಿನ್ ಪಟ್ಟಣದ ತಮ್ಮ ಪ್ರಯೋಗಶಾಲೆಯಲ್ಲಿ ರೋಗಿಗಳಿಗೆ ನೆರವಾಗುತ್ತಿದ್ದಾರೆಂಬ ಜಾಹೀರಾತು ಒಂದು, ಲಿನ್ನಿನ ಸ್ಮಶಾನದಲ್ಲಿದ್ದ ಆಕೆಯ ಸಮಾಧಿಶಿಲೆಯ ಛಾಯಾಚಿತ್ರ ಇನ್ನೊಂದು. ಜಾಹೀರಾತಿನ ಶ್ರೀಮತಿ ಪಿಂಕಂ ಎಂದರೆ ಲಿಡಿಯಾಳ ಸೊಸೆ ಜೆನ್ನಿ ಎಂಬುದು ಕಂಪನಿಯ ಸಮಜಾಯಿಷಿ. ಹೆಸರು ಸುಳ್ಳಲ್ಲ, ಮಾತು ಮಾತ್ರ ಸುಳ್ಳು.

ಅದೇ ವರ್ಷ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಸಾಮ್ಯುಯಲ್ ಹಾಪ್ಕಿನ್ಸ್ ಆಡಮ್ಸ್ ಇಂಥ ಔಷಧಿಗಳ ವಂಚನೆಯನ್ನು ಕುರಿತು ಸರಣಿ ಲೇಖನಗಳನ್ನು ಬರೆದನು. 1906ರ ಜೂನ್ 30ರಂದು ಶುದ್ಧ ಆಹಾರ ಮತ್ತು ಔಷಧಿ ಕಾಯಿದೆಗೆ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಸಹಿ ಹಾಕಿದನು. ಮದ್ಯಸಾರ, ಅಫೀಮು, ಕೊಕೇನು ಮುಂತಾದವು ಎಷ್ಟಿವೆಯೆಂದು ಚೀಟಿಯ ಮೇಲೆ ಬರೆಯುವುದು ಕಡ್ಡಾಯವಾಯಿತು. ಗುಣಪಡಿಸುವೆನೆಂಬ ಸುಳ್ಳು ಮಾತಿಗೆ ಈ ಕಾಯಿದೆ ಅನ್ವಯಿಸದೆಂದು 1911ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದರಿಂದ, 1912ರಲ್ಲಿ ಶರ್ಲಿ ತಿದ್ದುಪಡಿಯನ್ನು ತರಬೇಕಾಯಿತು. ಇಷ್ಟಾದರೂ ಪಿಂಕಂ ಕಂಪನಿ ಮುಳುಗಲಿಲ್ಲವೆಂಬುದನ್ನು ಮರೆಮಾಚಬಾರದು. ಅದರ ವ್ಯಾಪಾರ ಅತ್ಯಂತ ಎತ್ತರಕ್ಕೆ ಏರಿದ್ದು 1925ರಲ್ಲಿ. ಸುಳ್ಳು ತಾನಾಗಿಯೇ ಸೋಲುತ್ತದೆಂಬ ಸಮಾಧಾನವನ್ನು ಇತಿಹಾಸ ನಮಗೆ ಕೊಡುವುದಿಲ್ಲ.

ಇದೇ ಕಾಲದ ಇನ್ನೊಂದು ದಾರಿಯನ್ನೂ ನೋಡೋಣ. ಫಿಲಡೆಲ್ಫಿಯಾ ನಗರದ ಜಾನ್ ವಾನಮೇಕರ್ ಎಂಬ ವರ್ತಕ 1880ರಲ್ಲಿ ಜಾನ್ ಪವರ್ಸ್ ಎಂಬಾತನನ್ನು ಜಾಹೀರಾತು ಬರೆಯಲು ನೇಮಿಸಿಕೊಂಡನು. ಪವರ್ಸನ ವ್ರತ ಒಂದೇ: ಇದ್ದುದನ್ನು ಇದ್ದಂತೆ ಹೇಳುವುದು. ಅಗ್ಗದ ಟೈಗಳ ರಾಶಿಯನ್ನು ಕುರಿತು, ಇವು ಕಾಣುವಷ್ಟು ಚೆನ್ನಾಗಿಲ್ಲ, ಆದರೆ ಕೊಡುವ ಇಪ್ಪತ್ತೈದು ಸೆಂಟಿಗೆ ಮೋಸವಿಲ್ಲ ಎಂಬರ್ಥದಲ್ಲಿ ಅವನು ಬರೆದನೆಂದೂ, ಟೈಗಳೆಲ್ಲ ಮಾರಿಹೋದುವೆಂದೂ ಜಾಹೀರಾತಿನ ಇತಿಹಾಸಕಾರರು ಹೇಳುತ್ತಾರೆ. ದಿವಾಳಿಯ ಅಂಚಿನಲ್ಲಿದ್ದ ಪಿಟ್ಸ್‌ಬರ್ಗಿನ ಬಟ್ಟೆ ಅಂಗಡಿಯೊಂದಕ್ಕೆ, ನಿಮ್ಮ ಸಾಲವನ್ನೇ ಪತ್ರಿಕೆಯಲ್ಲಿ ಪ್ರಕಟಿಸಿ ಎಂದು ಅವನು ಸಲಹೆಯಿತ್ತು ಅದನ್ನು ಉಳಿಸಿದನೆಂಬ ಕಥೆಯೂ ಪ್ರಸಿದ್ಧವಾಗಿದೆ. ಲಿಡಿಯಾಳ ಕೈಪಿಡಿಯಲ್ಲಿ ಆತ್ಮೀಯತೆ ಇತ್ತು. ಪವರ್ಸನ ಸಾಲುಗಳಲ್ಲಿ ಆತ್ಮೀಯತೆಗಿಂತ ಲೆಕ್ಕ ಹೆಚ್ಚು. ಆದರೆ ಕೊಂಡವನು ಮನೆಗೆ ಹೋಗಿ ಪೊಟ್ಟಣ ಬಿಚ್ಚಿದಾಗ, ಜಾಹೀರಾತಿನ ಮಾತೂ ಒಳಗಿನ ವಸ್ತುವೂ ತಾಳೆಯಾಗುತ್ತಿದ್ದವು.

ಇವೆರಡನ್ನೂ ನಮ್ಮ ಸಣ್ಣ ಉದ್ಯಮಿಗಳು ಒಟ್ಟಿಗೆ ನೆನಪಿಡಬೇಕೆಂಬುದು ನನ್ನ ಬಿನ್ನಹ. ಅಂಗಡಿಯ ಹಿಂದಿನ ಮನುಷ್ಯ ಕಾಣಿಸಿಕೊಳ್ಳಲಿ. ಇಂಗ್ಲಿಷಿನಲ್ಲಿ ಮೈಸೂರಿನ ಅಥವಾ ಧಾರವಾಡದ ಉಚ್ಚಾರ ಉಳಿದಿದ್ದರೆ ಉಳಿಯಲಿ. ಬಂದ ಪ್ರಶ್ನೆಗೆ, ಅದರಿಂದ ಮಾರಾಟವಾಗದಿದ್ದರೂ, ಉತ್ತರ ಹೋಗಲಿ. ಲಿಡಿಯಾಳಿಂದ ಕಲಿಯಬೇಕಾದುದು ಇಷ್ಟು. ಆದರೆ ಮುಖ ಚೆನ್ನಾಗಿ ಕಂಡಿತೆಂದು ಮಾತಿನ ಹೊಣೆ ಇಳಿಯುವುದಿಲ್ಲ, ಹೆಚ್ಚುತ್ತದೆ. ತಿಳಿದಷ್ಟನ್ನೇ ಹೇಳಬೇಕು, ಸರಕಿನಲ್ಲಿ ಕೊರತೆಯಿದ್ದರೆ ಗಿರಾಕಿ ಕಂಡುಹಿಡಿಯುವ ಮೊದಲು ನಾವೇ ಹೇಳಬೇಕು. ಆರೋಗ್ಯದ ವಿಷಯದಲ್ಲಂತೂ, ಅರಿಶಿನವಾಗಲಿ ಮೆಂತ್ಯವಾಗಲಿ, ಅಜ್ಜಿಯ ನಂಬಿಕೆಯನ್ನು ಚಿಕಿತ್ಸೆಯೆಂದು ಮಾರಬಾರದು.

ಇಂದು ಯಂತ್ರವೇ ಕ್ಷಣಮಾತ್ರದಲ್ಲಿ ಆತ್ಮೀಯವಾದ ಪತ್ರವನ್ನು ಬರೆದುಕೊಡುತ್ತದೆ. ಅಲ್ಲೊಂದು ಇಲ್ಲೊಂದು ತಪ್ಪನ್ನು ಸೇರಿಸಿ ಅದನ್ನು ಸಹಜವೆನಿಸುವಂತೆ ಮಾಡಬಲ್ಲುದು. ಲಿನ್ನಿನ ಗುಮಾಸ್ತೆಯರಿಗೆ ವರ್ಷಗಳು ಹಿಡಿದ ಕೆಲಸ ಈಗ ನಿಮಿಷಗಳದು. ಆದ್ದರಿಂದ 1905ರ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಪತ್ರದ ಕೆಳಗೆ ಹೆಸರಿರುವ ವ್ಯಕ್ತಿ ಅದನ್ನು ಓದಿದ್ದಾನೆಯೇ? ನಾಳೆ ಗಿರಾಕಿ ಬಾಗಿಲು ತಟ್ಟಿದರೆ, ಹೌದು, ಇದು ನಾನು ಹೇಳಿದ ಮಾತು ಎನ್ನುವ ಮನುಷ್ಯ ಒಳಗಿದ್ದಾನೆಯೇ? ದೊಡ್ಡ ಕಂಪನಿಗೆ ಈ ಪ್ರಶ್ನೆ ಕಷ್ಟದ್ದು. ಸಣ್ಣ ವ್ಯಾಪಾರಿ ಮಾತ್ರ ಇದಕ್ಕೆ ಸುಲಭವಾಗಿ ಹೌದೆನ್ನಬಲ್ಲ.